ದೊಡ್ಡ ನಾಯಿಯ ಸೊಂಟ: ಯಾವ ಎಕ್ಸ್-ರೇ, ಯಾವ ವಯಸ್ಸಿಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಲ್ಯಾಬ್, ಶೆಪರ್ಡ್, ರಾಟ್‌ವೀಲರ್ ಸಾಕುವವರದು. ಎಲ್ಲರಿಗೂ ಚಿಂತೆ ಒಂದೇ, ಹಿಪ್ ಡಿಸ್‌ಪ್ಲೇಸಿಯಾ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಲ್ಲಿ ಬಿಗಿಯಾಗಿ ಕೂರದೆ ಅಲುಗಾಡುತ್ತದೆ, ವರ್ಷ ಕಳೆದಂತೆ ಕೀಲು ಸವೆಯುತ್ತದೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಜರ್ಮನ್ ಶೆಪರ್ಡ್ ಮರಿ ಕೊಳ್ಳಬೇಕೆಂದಿದ್ದೇನೆ. ಒಬ್ಬರು ‘ತಂದೆ ನಾಯಿಗೆ ಓ.ಎಫ್.ಎ. ಗುಡ್ ಇದೆ’ ಎನ್ನುತ್ತಾರೆ. ಇನ್ನೊಬ್ಬರದು ‘ಎಚ್.ಡಿ. ಎ’. ಮೂರನೆಯವರ ಕಾಗದದಲ್ಲಿ ‘ಪೆನ್‌ಹಿಪ್ 0.42’ ಎಂದಿದೆ. ಯಾವುದನ್ನು ನಂಬಲಿ? — ಓದುಗರು, ಚಿಂತಾಮಣಿ

ಮೂವರೂ ತಂದೆಯ ವಿಷಯವನ್ನಷ್ಟೇ ಹೇಳಿದ್ದಾರೋ ಏನೋ, ನಿಮ್ಮ ಪತ್ರದಲ್ಲಿ ತಾಯಿಯ ಸುದ್ದಿಯೇ ಇಲ್ಲ. ಮೊದಲು ಅದನ್ನು ಕೇಳಿ. ಮರಿಗೆ ಅರ್ಧ ಸೊಂಟ ತಾಯಿಯಿಂದಲೇ ಬರುವುದು.

ಇನ್ನು ಪದ್ಧತಿಗಳು. ಓ.ಎಫ್.ಎ. ಮತ್ತು ಎಚ್.ಡಿ. ಎ ಎರಡೂ ಒಂದೇ ಭಂಗಿಯ ಎಕ್ಸ್-ರೇ ನೋಡಿ ಕೊಡುವ ದರ್ಜೆಗಳು. ನಾಯಿಯನ್ನು ಅಂಗಾತ ಮಲಗಿಸಿ, ಹಿಂಗಾಲುಗಳನ್ನು ನೇರವಾಗಿ ಹಿಂದಕ್ಕೆ ಚಾಚಿ, ಮಂಡಿಚಿಪ್ಪು ಮೇಲಕ್ಕೆ ಬರುವಂತೆ ತೊಡೆಗಳನ್ನು ಒಳಕ್ಕೆ ತಿರುಗಿಸಿ ಚಿತ್ರ ತೆಗೆಯುತ್ತಾರೆ. ಬಟ್ಟಲು ಎಷ್ಟು ಆಳವಿದೆ, ಗುಂಡಿನ ಎಷ್ಟು ಭಾಗ ಅದರೊಳಗಿದೆ, ಅಂಚಿನಲ್ಲಿ ಹೊಸ ಎಲುಬು ಬೆಳೆದಿದೆಯೇ ಎಂದು ನೋಡುತ್ತಾರೆ.

ಓ.ಎಫ್.ಎ. ಅಮೆರಿಕದ್ದು, 1966ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಮೂವರು ರೇಡಿಯಾಲಜಿಸ್ಟರು ಒಬ್ಬರಿಗೊಬ್ಬರು ತಿಳಿಯದಂತೆ ಚಿತ್ರ ನೋಡುತ್ತಾರೆ. ದರ್ಜೆ ಏಳು: ಎಕ್ಸೆಲೆಂಟ್, ಗುಡ್, ಫೇರ್, ಬಾರ್ಡರ್‌ಲೈನ್, ಮೈಲ್ಡ್, ಮಾಡರೇಟ್, ಸಿವಿಯರ್. ಮೊದಲ ಮೂರಕ್ಕಷ್ಟೇ ನಂಬರು ಸಿಗುವುದು, ಅದೂ ನಾಯಿಗೆ 24 ತಿಂಗಳು ತುಂಬಿದ ಮೇಲೆ. ಅದಕ್ಕೂ ಮೊದಲು ತೆಗೆದರೆ ‘ಪ್ರಿಲಿಮಿನರಿ’ ಎಂದೇ ಬರೆದಿರುತ್ತದೆ. ‘ಎಚ್.ಡಿ. ಎ’ (ಎಚ್.ಡಿ. ಎಂದರೆ ಹಿಪ್ ಡಿಸ್‌ಪ್ಲೇಸಿಯಾ) ಎಫ್.ಸಿ.ಐ. ಎಂಬ ಅಂತರರಾಷ್ಟ್ರೀಯ ಕೆನಲ್ ಒಕ್ಕೂಟದ ಪದ್ಧತಿಯದು. ಅಲ್ಲಿ ಎ ಇಂದ ಇ ವರೆಗೆ ಐದು ದರ್ಜೆ, ಕನಿಷ್ಠ ವಯಸ್ಸು 12 ತಿಂಗಳು, ತೀರಾ ದೊಡ್ಡ ತಳಿಗಳಿಗೆ 18. ಬ್ರಿಟನ್ನಿನ ಪಶುವೈದ್ಯರ ಸಂಘವಾದ ಬಿ.ವಿ.ಎ.ಯ ಪದ್ಧತಿ ಇನ್ನೊಂದು. ಒಂದೊಂದು ಕೀಲಿನ ಒಂಬತ್ತು ಅಂಶಗಳಿಗೆ ಅಂಕ, ಒಂದು ಕಡೆ ಗರಿಷ್ಠ 53, ಎರಡೂ ಸೇರಿ 106. ಪರೀಕ್ಷೆಯ ಅಂಕ ಅಂದುಕೊಂಡು 60 ಬಂದಿದೆ ಎಂದು ಹಿಗ್ಗಬೇಡಿ, ಇಲ್ಲಿ ಸೊನ್ನೆಯೇ ಉತ್ತಮ.

ಒಂದರ ದರ್ಜೆಯನ್ನು ಇನ್ನೊಂದಕ್ಕೆ ಹೊಂದಿಸಬೇಕೆಂದರೆ ಲೆಕ್ಕ ಹೀಗೆ. ಓ.ಎಫ್.ಎ. ಎಕ್ಸೆಲೆಂಟ್ ಮತ್ತು ಗುಡ್ ಎಂದರೆ ಎಫ್.ಸಿ.ಐ. ‘ಎ’, ಬ್ರಿಟನ್ನಿನಲ್ಲಿ ಒಟ್ಟು 10ರ ಒಳಗೆ. ಫೇರ್ ಮತ್ತು ಬಾರ್ಡರ್‌ಲೈನ್ ‘ಬಿ’ಗೆ ಬರುತ್ತವೆ, ಮೈಲ್ಡ್ ‘ಸಿ’, ಮಾಡರೇಟ್ ‘ಡಿ’, ಸಿವಿಯರ್ ‘ಇ’. ಇದು ಅಂದಾಜಿನ ಹೊಂದಿಕೆ ಅಷ್ಟೇ. ಆದರೂ ನಿಮ್ಮ ಮೊದಲ ಇಬ್ಬರು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು ಎಂದಾಯಿತು.

ಈ ಭಂಗಿಗೊಂದು ದೋಷವಿದೆ. ಕಾಲು ಹಿಂದಕ್ಕೆ ಚಾಚಿ ಒಳಕ್ಕೆ ತಿರುಗಿಸಿದಾಗ ಕೀಲಿನ ಸುತ್ತಲಿನ ಚೀಲ ಒದ್ದೆ ಬಟ್ಟೆ ಹಿಂಡಿದಂತೆ ಮುರಿ ಬೀಳುತ್ತದೆ, ಗುಂಡನ್ನು ಬಟ್ಟಲೊಳಕ್ಕೆ ತಳ್ಳುತ್ತದೆ. ನಾಯಿ ನಡೆಯುವಾಗ ಇರುವ ಸಡಿಲ ಆ ಚಿತ್ರದಲ್ಲಿ ಕಾಣದೆ ಹೋಗಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೆನ್‌ಹಿಪ್ ಹುಟ್ಟಿದ್ದೇ ಈ ಕಾರಣಕ್ಕೆ. ಅದರಲ್ಲಿ ಮೂರು ಚಿತ್ರ: ಚಾಚಿದ ಭಂಗಿಯದು ಒಂದು, ಗುಂಡನ್ನು ಒಳಕ್ಕೆ ಒತ್ತಿ ಹಿಡಿದಾಗ ಒಂದು, ತೊಡೆಗಳ ನಡುವೆ ಡಿಸ್ಟ್ರಾಕ್ಟರ್ ಎಂಬ ಉಪಕರಣ ಇಟ್ಟು ಗುಂಡನ್ನು ಹೊರಕ್ಕೆ ಮೀಟಿದಾಗ ಒಂದು. ಮೀಟಿದಾಗ ಗುಂಡಿನ ಕೇಂದ್ರ ಬಟ್ಟಲಿನ ಕೇಂದ್ರದಿಂದ ಎಷ್ಟು ಸರಿಯಿತು ಎಂದು ಅಳೆದು, ಅದನ್ನು ಗುಂಡಿನ ತ್ರಿಜ್ಯದಿಂದ ಭಾಗಿಸುತ್ತಾರೆ. 12 ಮಿ.ಮೀ. ತ್ರಿಜ್ಯದ ಗುಂಡು 6 ಮಿ.ಮೀ. ಸರಿದರೆ 0.50. ಸೊನ್ನೆಯ ಹತ್ತಿರ ಇದ್ದರೆ ಬಿಗಿ, 1ರ ಹತ್ತಿರ ಇದ್ದರೆ ಗುಂಡು ಹೊರಗೇ ಬರುತ್ತಿದೆ ಎಂದರ್ಥ. 0.30 ಅಥವಾ ಅದಕ್ಕೆ ಕೆಳಗಿದ್ದರೆ ಸವೆತದ ಭಯ ತೀರಾ ಕಡಿಮೆ.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ನಾಯಿಗಳನ್ನು ಎರಡೂ ಪದ್ಧತಿಯಲ್ಲಿ ನೋಡಿದರು. ಓ.ಎಫ್.ಎ. ರೀತಿಯಲ್ಲಿ ‘ಎಕ್ಸೆಲೆಂಟ್’ ಎನಿಸಿದವುಗಳಲ್ಲೇ ಶೇ. 52, ‘ಗುಡ್’ಗಳಲ್ಲಿ ಶೇ. 82, ‘ಫೇರ್’ಗಳಲ್ಲಿ ಶೇ. 94 ನಾಯಿಗಳ ಸಡಿಲ 0.30 ಅಥವಾ ಅದಕ್ಕಿಂತ ಹೆಚ್ಚು. ಇದನ್ನು ಓದಿ ಓ.ಎಫ್.ಎ. ಕಾಗದ ಹರಿದು ಹಾಕಬೇಕಿಲ್ಲ. ಸಡಿಲ ಇದ್ದ ನಾಯಿಗೆಲ್ಲ ಸವೆತ ಬರುವುದಿಲ್ಲ. ಚಾಚಿದ ಚಿತ್ರ ಹೇಳುವುದು ಇವತ್ತಿನ ಸ್ಥಿತಿ, ಡಿಸ್ಟ್ರಾಕ್ಟರ್ ಚಿತ್ರ ಹೇಳುವುದು ಮುಂದಿನ ಅಪಾಯ.

ಹಾಗಾದರೆ 0.42? ತೆಗೆದುಹಾಕುವ ಅಂಕಿಯಲ್ಲ, ಮೆಚ್ಚುವ ಅಂಕಿಯೂ ಅಲ್ಲ. ಅದೇ ತಳಿಯ ನಾಯಿಗಳ ನಡುವೆ ಇದರ ಸ್ಥಾನ ಎಲ್ಲಿ ಎಂದು ವರದಿಯಲ್ಲೇ ಇರುತ್ತದೆ, ಅದನ್ನು ನೋಡಿ. ಅಷ್ಟೇ ಸಡಿಲಕ್ಕೆ ಬೇರೆ ಕೆಲವು ತಳಿಗಳಿಗಿಂತ ಶೆಪರ್ಡ್ ಕೀಲು ಬೇಗ ಸವೆಯುತ್ತದೆ ಎಂಬುದೂ ನೆನಪಿರಲಿ. ಎರಡು ಕಡೆಯ ಅಂಕಿ ಬೇರೆ ಬೇರೆ ಇದ್ದರೆ ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಾರುವವರು ಒಳ್ಳೆಯ ಕಡೆಯದನ್ನು ಮಾತ್ರ ಹೇಳುವುದುಂಟು.

ಪೆನ್‌ಹಿಪ್‌ನಲ್ಲಿ ತೆಗೆದ ಚಿತ್ರಗಳನ್ನೆಲ್ಲ ವೈದ್ಯರು ಕಳಿಸಲೇಬೇಕು, ಕೆಟ್ಟದ್ದನ್ನು ಮುಚ್ಚಿಡುವಂತಿಲ್ಲ. ಓ.ಎಫ್.ಎ.ಯಲ್ಲಿ ಹಾಗಲ್ಲ. ಕಳಿಸುವುದೂ ಬಿಡುವುದೂ ಮಾಲೀಕರ ಇಚ್ಛೆ, ಕೆಟ್ಟ ಫಲಿತಾಂಶ ಸಾರ್ವಜನಿಕವಾಗುವುದೂ ಅವರು ಒಪ್ಪಿದರೆ ಮಾತ್ರ. ಅದರ ಪಟ್ಟಿಯಲ್ಲಿ ಒಳ್ಳೆಯ ಸೊಂಟಗಳೇ ತುಂಬಿರಲು ಇದೂ ಒಂದು ಕಾರಣ. ಕಾಗದ ಕೈಗೆ ಬಂದಾಗ ನಂಬರು ಓದುವುದು ಕಲಿಯಿರಿ: ಮೊದಲು ತಳಿಯ ಅಕ್ಷರ, ಆಮೇಲೆ ಕ್ರಮಸಂಖ್ಯೆ, ಅದರ ಹಿಂದೆ ‘ಜಿ 26 ಎಂ’ ಎಂದಿದ್ದರೆ ಗುಡ್, 26 ತಿಂಗಳು, ಗಂಡು. ಕೊನೆಯ ‘ವಿಪಿಐ’ ಎಂದರೆ ಮೈಕ್ರೋಚಿಪ್ ಅಥವಾ ಹಚ್ಚೆ ನೋಡಿ ನಾಯಿಯನ್ನು ಗುರುತಿಸಿದ್ದಾರೆ ಎಂದು. ಓ.ಎಫ್.ಎ. ಜಾಲತಾಣದಲ್ಲಿ ಆ ನಂಬರು ಹಾಕಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಕೆನಲ್ ಕ್ಲಬ್ಬಿನ ವಂಶಾವಳಿ ಕಾಗದವನ್ನೇ ‘ಹಿಪ್ ಸರ್ಟಿಫಿಕೇಟ್’ ಎಂದು ತೋರಿಸಿದರೆ ಎದ್ದು ಬನ್ನಿ.

ನಮ್ಮ ರಾಟ್‌ವೀಲರ್ ಹೆಣ್ಣಿಗೆ 14 ತಿಂಗಳು. ಬೆದೆ ಮುಗಿದು ಒಂದು ವಾರವಾಯಿತು. ಮುಂದಿನ ಬೆದೆಗೆ ಗಂಡು ಕೂಡಿಸುವ ಯೋಚನೆ. ಬೆಂಗಳೂರಿಗೆ ಕರೆದೊಯ್ದು ಈಗಲೇ ಎಕ್ಸ್-ರೇ ಮಾಡಿಸಬಹುದೇ? ತಯಾರಿ ಏನು? — ಓದುಗರು, ತುಮಕೂರು

ಈಗ ಬೇಡ. ಬೆದೆಯ ಹೊತ್ತಿನ ಹಾರ್ಮೋನು ಕೀಲಿನ ಕಟ್ಟುಗಳನ್ನು ಸಡಿಲಿಸಬಹುದು, ಆಗ ತೆಗೆದ ಚಿತ್ರ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಬೆದೆ ಮುಗಿದು ಮೂರು ನಾಲ್ಕು ವಾರ ಬಿಡಿ. ಮರಿ ಹಾಕಿದ ನಾಯಿಯಾದರೆ ಮರಿಗಳು ಹಾಲು ಬಿಟ್ಟ ಮೇಲೆ ಅಷ್ಟೇ ಕಾಲ ಕಾಯಬೇಕು.

ಮುಂದಿನ ಬೆದೆಗೇ ಕೂಡಿಸುವ ಯೋಚನೆಯನ್ನೂ ಇನ್ನೊಮ್ಮೆ ನೋಡಿ. ಆಗ ಅದಕ್ಕೆ 20 ತಿಂಗಳ ಆಚೀಚೆ, ಓ.ಎಫ್.ಎ.ಯ ಅಂತಿಮ ದರ್ಜೆಗೆ ಇನ್ನೂ ವಯಸ್ಸಾಗಿರುವುದಿಲ್ಲ. ಪೆನ್‌ಹಿಪ್ 16 ವಾರ ತುಂಬಿದ ಮರಿಗೂ ಆಗುತ್ತದೆ, ಆದ್ದರಿಂದ ನಿಮ್ಮ ಹೆಣ್ಣಿಗೆ ಇನ್ನೊಂದು ತಿಂಗಳಲ್ಲಿ ಮಾಡಿಸಿ ತೀರ್ಮಾನಿಸಬಹುದು. ಅದಕ್ಕೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದ ವೈದ್ಯರೇ ಬೇಕು, ಅವರ ಪಟ್ಟಿ ಪೆನ್‌ಹಿಪ್ ಜಾಲತಾಣದಲ್ಲಿದೆ. ಅವರು ಸಿಗದಿದ್ದರೆ ಅದೇ ಹೊತ್ತಿಗೆ ಚಾಚಿದ ಭಂಗಿಯ ಚಿತ್ರ ತೆಗೆಸಿ, ತೀರಾ ಕೆಟ್ಟ ಸೊಂಟ ಇದ್ದರೆ ಆಗಲೇ ಗೊತ್ತಾಗುತ್ತದೆ. ಚೆನ್ನಾಗಿದ್ದರೆ 24 ತಿಂಗಳಿಗೆ ಮತ್ತೊಮ್ಮೆ ತೆಗೆಸಿ, ಆಮೇಲಿನ ಬೆದೆಗೆ ಕೂಡಿಸಿ. ನಮ್ಮ ಮಟ್ಟಿಗೆ ಎರಡನೆಯ ದಾರಿಯೂ ಸರಿಯೇ. ಒಂದು ಬೆದೆ ತಪ್ಪಿದರೆ ನಷ್ಟವೇನಿಲ್ಲ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಖಾಸಗಿ ಕ್ಲಿನಿಕ್ಕಿಗಾಗಲಿ, ಹೋಗುವ ಮೊದಲು ಫೋನ್ ಮಾಡಿ ಎರಡು ಮಾತು ಕೇಳಿ: ಅರಿವಳಿಕೆ ಕೊಟ್ಟು ತೆಗೆಯುತ್ತೀರಾ, ಚಿತ್ರದ ಮೂಲ ಡೈಕಾಮ್ ಫೈಲ್ ಕೊಡುತ್ತೀರಾ? ಎರಡಕ್ಕೂ ಹೌದು ಎಂದರೆ ಮಾತ್ರ ದಿನ ಗೊತ್ತು ಮಾಡಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ, ಕಿಟಕಿಗೆ ಹಿಡಿದು ಮೊಬೈಲಲ್ಲಿ ತೆಗೆದ ಫಿಲಂ, ಇವುಗಳ ಮೇಲೆ ಯಾರೂ ದರ್ಜೆ ಕೊಡುವುದಿಲ್ಲ. 15 ಅಂಕಿಯ ಮೈಕ್ರೋಚಿಪ್ ಮೊದಲೇ ಹಾಕಿಸಿ. ನಾಯಿಯ ಗುರುತು, ತಾರೀಕು, ಎಡ-ಬಲ ಗುರುತು ಚಿತ್ರ ತೆಗೆಯುವಾಗಲೇ ಅದರಲ್ಲಿ ಮೂಡಬೇಕು, ಆಮೇಲೆ ಪೆನ್ನಲ್ಲಿ ಬರೆದರೆ ಒಪ್ಪುವುದಿಲ್ಲ.

ಒಂದು ವಾರ ಮುಂಚೆ ತುಮಕೂರಲ್ಲೇ ರಕ್ತ ಪರೀಕ್ಷೆ ಮಾಡಿಸಿ: ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್, ಲಿವರ್ ಎಂಜೈಮ್. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಉಣ್ಣೆಜ್ವರ ಇರಬಹುದು, ಅದು ವಾಸಿಯಾಗುವವರೆಗೆ ಅರಿವಳಿಕೆ ಮುಂದೂಡಿ. ಹಿಂದಿನ ರಾತ್ರಿ ಎಂಟರ ಮೇಲೆ ಊಟ ಬೇಡ. ನೀರನ್ನು ಎಷ್ಟು ಹೊತ್ತಿನವರೆಗೆ ಇಡಬಹುದು ಎಂದು ವೈದ್ಯರನ್ನೇ ಕೇಳಿ. ಬೆಳಗಿನ ಮೊದಲ ಸರದಿ ಕೇಳಿಕೊಂಡರೆ ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗಿನ ವಾಹನ ಸಾಲಿನಲ್ಲಿ ಬಿಸಿಲಿಗೆ ಸಿಕ್ಕಿಬೀಳುವುದು ತಪ್ಪುತ್ತದೆ. ವಾಪಸು ಹೊರಡುವುದು ನಾಯಿ ತಾನಾಗಿ ಎದ್ದು ತಲೆ ಎತ್ತಿ ನಡೆದ ಮೇಲೆ. ಮಂಪರಿನಲ್ಲಿರುವ ನಾಯಿ ಮೈಬಿಸಿ ಹತೋಟಿಯಲ್ಲಿ ಇಟ್ಟುಕೊಳ್ಳಲಾರದು, ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಕುತ್ತಿಗೆ ಮಡಚಿ ಉಸಿರಿಗೆ ಅಡ್ಡಿಯಾಗದಂತೆ ನೋಡಲು ಹಿಂದಿನ ಸೀಟಿನಲ್ಲಿ ಒಬ್ಬರು ಕೂರಲೇಬೇಕು. ಸಂಜೆ ಅರ್ಧ ಊಟ ಸಾಕು.

ಅರಿವಳಿಕೆ ಇಲ್ಲದೆ, ನಾಲ್ಕು ಜನ ಹಿಡಿದುಕೊಂಡು ತೆಗೆಸಿದರೆ ಆಗದೇ? — ಓದುಗರು, ಮಾಲೂರು

ಪೆನ್‌ಹಿಪ್ ಅಂತೂ ಸಾಧ್ಯವೇ ಇಲ್ಲ. ಸ್ನಾಯು ಬಿಗಿದಿದ್ದರೆ ಗುಂಡು ಸರಿಯುವುದಿಲ್ಲ, ಅಂಕಿ ಸುಳ್ಳಾಗುತ್ತದೆ. ಚಾಚಿದ ಭಂಗಿಗೆ ಓ.ಎಫ್.ಎ. ಅರಿವಳಿಕೆ ಕಡ್ಡಾಯ ಮಾಡಿಲ್ಲ, ಆದರೆ ಹೆದರಿ ಬಿಗಿದ 40 ಕೆ.ಜಿ. ನಾಯಿಯ ಕಾಲನ್ನು ಸರಿಯಾಗಿ ಚಾಚಿಸುವುದು ಆಗದ ಮಾತು. ನಾಲ್ಕು ಜನ ಎಂದರೆ ನಾಲ್ಕು ಜನಕ್ಕೂ ವಿಕಿರಣ ತಾಗುತ್ತದೆ. ಸೀಸದ ಏಪ್ರನ್ ಇಲ್ಲದೆ ಯಾರೂ ಆ ಕೋಣೆಯಲ್ಲಿ ನಿಲ್ಲಬಾರದು, ಗರ್ಭಿಣಿಯರು ಏಪ್ರನ್ ಹಾಕಿದ್ದರೂ ಬೇಡ.

ಊರಿನ ಕ್ಲಿನಿಕ್ಕಿನಲ್ಲಿ ಎಕ್ಸ್-ರೇ ನೋಡಿ ‘ಸೊಂಟ ಚೆನ್ನಾಗಿದೆ’ ಎಂದರು. ಅದೇ ಫಿಲಂ ನೋಡಿ ಬೆಂಗಳೂರಿನ ವೈದ್ಯರು ‘ಎಡಗಡೆ ಸಡಿಲ’ ಎಂದರು. ಯಾರದು ಸರಿ? — ಓದುಗರು, ಕೆ.ಜಿ.ಎಫ್.

ಫಿಲಂ ಸರಿಯಿಲ್ಲದಿದ್ದರೆ ಇಬ್ಬರದೂ ತಪ್ಪಾಗಬಹುದು. ನೀವೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೇಲೆ ಸೊಂಟದ ಎರಡೂ ರೆಕ್ಕೆಮೂಳೆ, ಕೆಳಗೆ ಎರಡೂ ಮಂಡಿಚಿಪ್ಪು ಫಿಲಂ ಒಳಗಿರಬೇಕು. ರೆಕ್ಕೆಗಳ ಅಗಲ ಎರಡೂ ಕಡೆ ಒಂದೇ ಇರಬೇಕು. ಅವುಗಳ ಕೆಳಗೆ ಬಟ್ಟಲುಗಳ ಹತ್ತಿರ ಎರಡು ದುಂಡು ಕಿಂಡಿ ಕಾಣುತ್ತವೆ, ಅವೂ ಒಂದೇ ಅಳತೆಯಲ್ಲಿರಬೇಕು. ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ನಾಯಿ ಮಗ್ಗುಲಿಗೆ ವಾಲಿದೆ ಎಂದರ್ಥ, ಆಗ ಒಂದು ಬಟ್ಟಲು ಇಲ್ಲದ ಆಳ ತೋರಿಸುತ್ತದೆ, ಇನ್ನೊಂದು ಇಲ್ಲದ ಸಡಿಲ ತೋರಿಸುತ್ತದೆ. ‘ಒಂದು ಕಡೆ ಮಾತ್ರ ಕೆಟ್ಟಿದೆ’ ಎಂಬ ವರದಿ ಬಂದಾಗ ನಮಗೆ ಮೊದಲು ಬರುವ ಅನುಮಾನ ಇದೇ. ತೊಡೆಮೂಳೆಗಳು ಒಂದಕ್ಕೊಂದು ಸಮಾನಾಂತರವಾಗಿ, ಮಂಡಿಚಿಪ್ಪು ಮೂಳೆಯ ನಟ್ಟನಡುವೆ ಕೂತಿರಬೇಕು. ಮೂಳೆಯ ಅಂಚು ಮಸುಕಾಗಿದ್ದರೆ ಚಿತ್ರ ತೆಗೆಯುವಾಗ ನಾಯಿ ಅಲುಗಾಡಿದೆ. ಸಣ್ಣ ಪೋರ್ಟಬಲ್ ಯಂತ್ರಗಳಲ್ಲಿ ಇದು ಸಾಮಾನ್ಯ, ದಪ್ಪ ಸೊಂಟಕ್ಕೆ ಶಕ್ತಿ ಸಾಲದೆ ಕಿರಣವನ್ನು ಹೆಚ್ಚು ಹೊತ್ತು ಬಿಡಬೇಕಾಗುತ್ತದೆ. ಸೊಂಟದ ದಪ್ಪ 10 ಸೆಂ.ಮೀ. ಮೀರಿದರೆ ಚದುರಿದ ಕಿರಣ ತಡೆಯುವ ಗ್ರಿಡ್ ಎಂಬ ಜಾಲರಿ ಕೂಡ ಬೇಕು, ಇಲ್ಲದಿದ್ದರೆ ಚಿತ್ರ ಬೂದಿ ಬೂದಿಯಾಗುತ್ತದೆ.

ಇಷ್ಟೂ ಸರಿಯಿದ್ದರೆ ಕೋನ ಅಳೆಯಬಹುದು, ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು. ಎರಡೂ ಗುಂಡುಗಳ ಕೇಂದ್ರ ಸೇರಿಸಿ ಒಂದು ಗೆರೆ ಎಳೆಯಿರಿ. ಒಂದು ಕೇಂದ್ರದಿಂದ ಅದೇ ಕಡೆಯ ಬಟ್ಟಲಿನ ಮುಂದಿನ ಅಂಚಿಗೆ, ಅಂದರೆ ತಲೆಯ ಕಡೆಯ ಅಂಚಿಗೆ, ಇನ್ನೊಂದು ಗೆರೆ. ಈ ಎರಡರ ನಡುವಿನದೇ ನಾರ್ಬರ್ಗ್ ಕೋನ. 105 ಡಿಗ್ರಿ ಅಥವಾ ಹೆಚ್ಚು ಇದ್ದರೆ ಚೆನ್ನ, 100ರ ಆಸುಪಾಸು ‘ಸಿ’ ದರ್ಜೆ, 90ಕ್ಕಿಂತ ಕಡಿಮೆ ‘ಇ’. ಗುಂಡಿನ ಅರ್ಧಕ್ಕಿಂತ ಹೆಚ್ಚು ಭಾಗ ಬಟ್ಟಲೊಳಗೆ ಇದೆಯೇ ಎಂದೂ ನೋಡಿ. ಕೋನ ಒಂದರಿಂದಲೇ ದರ್ಜೆ ಕೊಡುವುದಿಲ್ಲ, ಆದರೆ ನಿಮ್ಮ ಇಬ್ಬರು ವೈದ್ಯರ ನಡುವಿನ ತಕರಾರು ಎಷ್ಟು ದೊಡ್ಡದು ಎಂದು ಇದರಲ್ಲಿ ತಿಳಿಯುತ್ತದೆ.

ಇನ್ನೊಂದು ಸಾಧ್ಯತೆಯೂ ಇದೆ. ಬೆಂಗಳೂರಿನವರು ಫಿಲಂ ನೋಡಿದ್ದಷ್ಟೇ ಅಲ್ಲದೆ ಅರಿವಳಿಕೆ ಕೊಟ್ಟು ಕೈಯಿಂದಲೂ ಪರೀಕ್ಷಿಸಿದರೇ? ಮಂಡಿ ಹಿಡಿದು ತೊಡೆಮೂಳೆಯನ್ನು ಬೆನ್ನಿನ ಕಡೆಗೆ ಒತ್ತಿ, ಹಾಗೇ ಕಾಲನ್ನು ನಿಧಾನಕ್ಕೆ ಹೊರಕ್ಕೆ ಅಗಲಿಸಿದಾಗ ಜಾರಿದ ಗುಂಡು ‘ಟಕ್’ ಎಂದು ಒಳಗೆ ಬೀಳುತ್ತದೆ. ಇದು ಒರ್ಟೊಲಾನಿ ಪರೀಕ್ಷೆ. ಹಾಗೆ ಸಿಕ್ಕಿದ ಸಡಿಲ ಚಾಚಿದ ಫಿಲಂನಲ್ಲಿ ಕಾಣದೇ ಇರಬಹುದು, ಆಗ ಕೈ ಹೇಳಿದ್ದನ್ನೇ ನಂಬಬೇಕು. ವಯಸ್ಸಾದ ನಾಯಿಯಲ್ಲಿ ಮಾತ್ರ ಇದು ನಡೆಯದು. ಕೀಲಿನ ಚೀಲ ದಪ್ಪವಾಗಿ ಸೊಂಟ ಕೆಟ್ಟಿದ್ದರೂ ‘ಟಕ್’ ಕೇಳುವುದಿಲ್ಲ.

ಏಳು ತಿಂಗಳ ಲ್ಯಾಬ್ ಓಡುವಾಗ ಮೊಲದ ಹಾಗೆ ಎರಡೂ ಹಿಂಗಾಲು ಕೂಡಿಸಿ ನೆಗೆಯುತ್ತದೆ, ಏಳುವಾಗ ತಡವರಿಸುತ್ತದೆ. ಪೆನ್‌ಹಿಪ್ಪೋ ಓ.ಎಫ್.ಎ.ಯೋ? — ಓದುಗರು, ತಿಪಟೂರು

ಎರಡೂ ಅಲ್ಲ. ಅವು ಮರಿ ಹಾಕಿಸುವ ನಾಯಿಯನ್ನು ಆರಿಸುವ ಪರೀಕ್ಷೆಗಳು. ನಿಮ್ಮದಕ್ಕೆ ನೋವಿದೆ, ಅದಕ್ಕೆ ಬೇಕಿರುವುದು ರೋಗಪತ್ತೆ. ತೋಟದಲ್ಲಿ ತಿರುಗುವ ನಾಯಿಯಾದ್ದರಿಂದ ಮೊದಲು ಉಣ್ಣೆಜ್ವರ ಇಲ್ಲವೆಂದು ರಕ್ತ ಪರೀಕ್ಷೆಯಲ್ಲಿ ಖಚಿತ ಮಾಡಿಕೊಳ್ಳಿ, ಅದೂ ಕೀಲು ನೋವು ತರುತ್ತದೆ. ಕುಂಟು ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಎಂದು ಬದಲಾಗುತ್ತಿದ್ದರೆ ಬೆಳೆಯುವ ವಯಸ್ಸಿನ ಎಲುಬಿನ ನೋವು ಇರಬಹುದು, ಅದು ತಾನಾಗೇ ಹೋಗುತ್ತದೆ. ಮಂಡಿಯ ಕಟ್ಟು ಹರಿದಿದೆಯೇ ಎಂದೂ ನೋಡಬೇಕು.

ಸೊಂಟದ್ದೇ ಎಂದಾದರೆ ತಡ ಮಾಡಬೇಡಿ. ಕೀಲು ಇನ್ನೂ ಸವೆಯದಿದ್ದಾಗ ಬಟ್ಟಲನ್ನು ಕತ್ತರಿಸಿ ತಿರುಗಿಸಿ ಕೂರಿಸುವ ಶಸ್ತ್ರಚಿಕಿತ್ಸೆ ಇದೆ, ಸಾಮಾನ್ಯವಾಗಿ ಹತ್ತು ತಿಂಗಳ ಒಳಗೆ ಮಾಡುತ್ತಾರೆ. ನಿಮಗೆ ಉಳಿದಿರುವುದು ಎರಡು ಮೂರು ತಿಂಗಳು. ಇನ್ನೂ ಸುಲಭದ್ದೊಂದಿತ್ತು, ಸೊಂಟದ ಕೆಳಗಿನ ಬೆಸುಗೆಯನ್ನು ಎಳೆತನದಲ್ಲೇ ಸುಟ್ಟು ಬೆಳವಣಿಗೆ ನಿಲ್ಲಿಸಿ ಬಟ್ಟಲು ತಾನಾಗಿ ಗುಂಡಿನ ಮೇಲೆ ವಾಲುವಂತೆ ಮಾಡುವುದು. ಅದರ ವಯಸ್ಸು 12ರಿಂದ 20 ವಾರ, ನಿಮಗೆ ದಾಟಿದೆ. ದೊಡ್ಡ ತಳಿಯ ಮರಿ ತಂದವರು ನಾಲ್ಕು ತಿಂಗಳಿಗೇ ಒಮ್ಮೆ ಸೊಂಟ ತೋರಿಸಬೇಕು ಎನ್ನುವುದು ಈ ಕಾರಣಕ್ಕೆ.

ಮರಿಗೆ ರಾಗಿ ಅಂಬಲಿ, ಕೋಳಿ, ಜೊತೆಗೆ ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ. ಸೊಂಟ ಗಟ್ಟಿಯಾಗುತ್ತದೆಯೇ? — ಓದುಗರು, ಗೌರಿಬಿದನೂರು

ಸಿರಪ್ಪಿನಿಂದ ಸೊಂಟ ಗಟ್ಟಿಯಾಗುವುದಿಲ್ಲ. ಎಳೆಯ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು, ಅದು ಒಳಸೇರಿ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ದೊಡ್ಡ ತಳಿಯ ಮರಿಗೆಂದೇ ಬರುವ ಪ್ಯಾಕೆಟ್ ಆಹಾರ ಕೊಡುವವರು ಸಿರಪ್ ಪೂರ್ತಿ ನಿಲ್ಲಿಸಿ, ಚೀಟಿಯಲ್ಲಿ ಒಣತೂಕದ ಮೇಲೆ ಕ್ಯಾಲ್ಸಿಯಂ ಶೇ. 1.8 ಮೀರಿರಬಾರದು. ಮನೆಯ ಊಟವಾದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ, ಎಲುಬಿಲ್ಲದ ಕೋಳಿ ಮಾಂಸದಲ್ಲಿ ತೀರಾ ಕಡಿಮೆ. ಎರಡನ್ನೂ ಎಷ್ಟೆಷ್ಟು ಹಾಕುತ್ತೀರಿ ಎಂದು ತೂಗಿ ಬರೆದುಕೊಂಡು ಹೋಗಿ ವೈದ್ಯರಿಂದ ಲೆಕ್ಕ ಹಾಕಿಸಿ.

ಸಿರಪ್ಪಿಗಿಂತ ದೊಡ್ಡ ವಿಷಯ ಮೈತೂಕ. ನಾಯಿ ಆಹಾರ ತಯಾರಿಸುವ ಪ್ಯೂರಿನಾ ಸಂಸ್ಥೆ 48 ಲ್ಯಾಬ್‌ಗಳನ್ನು ಜೀವನವಿಡೀ ಗಮನಿಸಿತು. ಜೊತೆಗಾರ ನಾಯಿಗಿಂತ ಕಾಲುಭಾಗ ಕಡಿಮೆ ತಿಂದವುಗಳಲ್ಲಿ ಸೊಂಟದ ಸವೆತ ಕಡಿಮೆ ಇತ್ತು, ತಡವಾಗಿಯೂ ಬಂತು. ಮಧ್ಯಮ ಆಯಸ್ಸು 11.2 ವರ್ಷದಿಂದ 13ಕ್ಕೆ ಏರಿತು. ‘ದುಂಡುದುಂಡಗಿದೆ, ಮುದ್ದಾಗಿದೆ’ ಎಂದು ನೆಂಟರು ಹೊಗಳುವ ಮರಿಗೆ ತೂಕ ಹೆಚ್ಚಾಗಿದೆ ಎಂದೇ ತಿಳಿಯಿರಿ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗಬೇಕು. ನಾರ್ವೆಯ ಅಧ್ಯಯನವೊಂದರಲ್ಲಿ ಮೂರು ತಿಂಗಳ ಒಳಗೆ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಅಪಾಯ ಹೆಚ್ಚಿತ್ತು, ಮೆತ್ತನೆ ನೆಲದಲ್ಲಿ ಬಿಡುಬೀಸಾಗಿ ಓಡಾಡಿದ ಮರಿಗಳಿಗೆ ಕಡಿಮೆ. ನಿಮಗೆ ಹೊಲವಿದ್ದರೆ ಅಲ್ಲಿ ಬಿಡಿ, ನುಣುಪು ಟೈಲ್ಸ್ ಮೇಲೆ ಗೋಣಿ ಅಥವಾ ರಬ್ಬರ್ ಚಾಪೆ ಹಾಸಿ.

ತಂದೆ ತಾಯಿ ಇಬ್ಬರದೂ ‘ಎ’ ದರ್ಜೆ. ನಮ್ಮ ಮರಿಯದು ‘ಸಿ’ ಬಂತು. ಕಾಗದ ಸುಳ್ಳೇ? — ಓದುಗರು, ಚಿಕ್ಕಬಳ್ಳಾಪುರ

ಸುಳ್ಳಾಗಬೇಕಿಲ್ಲ. ಇದು ಒಂದು ಜೀನಿನ ಕಾಯಿಲೆಯಲ್ಲ, ಹಲವು ಜೀನುಗಳ ಜೊತೆಗೆ ಊಟ, ತೂಕ, ಓಡಾಟ ಸೇರಿ ಆಗುವುದು. ಚಾಚಿದ ಚಿತ್ರದಲ್ಲಿ ಅಡಗಿದ ಸಡಿಲ ಇಬ್ಬರಲ್ಲೂ ಇದ್ದರೆ ಮರಿಯಲ್ಲಿ ಹೊರಬೀಳುತ್ತದೆ. ಅದಕ್ಕೇ ತಂದೆ ತಾಯಿಯ ಒಡಹುಟ್ಟುಗಳ, ಹಿಂದಿನ ಸೂಲಿನ ಮರಿಗಳ ದರ್ಜೆ ಕೇಳಬೇಕು. ಎಂಟು ಮರಿಗಳಲ್ಲಿ ಒಂದಕ್ಕೆ ಮಾತ್ರ ಎಕ್ಸ್-ರೇ ಆಗಿದ್ದರೆ ಅದರಿಂದ ಏನೂ ತಿಳಿಯದು. ನಿಮ್ಮ ‘ಸಿ’ ಫಲಿತಾಂಶವನ್ನು ಮಾರಿದವರಿಗೆ ಬರೆದು ತಿಳಿಸಿ. ಒಳ್ಳೆಯ ಬ್ರೀಡರ್ ಆದರೆ ಅದೇ ಜೋಡಿಯನ್ನು ಮತ್ತೆ ಕೂಡಿಸುವ ಮೊದಲು ಯೋಚಿಸುತ್ತಾರೆ.

ಮುಧೋಳ ನಾಯಿಗೂ ಈ ಎಕ್ಸ್-ರೇ ಬೇಕೇ? — ಓದುಗರು, ಶಿರಾ

ಎಲ್ಲರೂ ಮಾಡಿಸಲೇಬೇಕು ಎನ್ನುವಂತಿಲ್ಲ. ಗ್ರೇಹೌಂಡ್, ಬೋರ್ಜಾಯ್‌ನಂಥ ಓಟದ ತಳಿಗಳ ಸೊಂಟ ತುಂಬಾ ಬಿಗಿ, ಮುಧೋಳವೂ ಅದೇ ಮೈಕಟ್ಟಿನದು. ಅದು ಹಿಂಗಾಲು ಕುಂಟಿದರೆ ಸೊಂಟಕ್ಕೆ ಮುಂಚೆ ಪಾದದಲ್ಲಿ ಮುಳ್ಳು, ಸ್ನಾಯು ಸೆಳೆತ, ಮಂಡಿ ಇವನ್ನು ನೋಡಿ.